ಗಂಟು ಹಾಕಿ ಹೆಣೆಯುವ ಫ್ರೆಂಡ್‌ಶಿಪ್ ಬ್ಯಾಂಡಿಗೆ ಯಾವ ದಾರ ಎಷ್ಟು ಉದ್ದ ಬೇಕೆಂದು ಮೊದಲೇ ಲೆಕ್ಕ ಹಾಕುವುದು ಹೇಗೆ?

ಪ್ರಶ್ನೆ: ನೂಲೆಳೆ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಮ್ಮ ಓಣಿಯ 15 ಮಕ್ಕಳಿಗೆ ಶನಿವಾರ ಮಧ್ಯಾಹ್ನ ಮನೆಯಲ್ಲಿ ಕಸೂತಿ ಹೇಳಿಕೊಡುತ್ತೇನೆ. ಆಗಸ್ಟ್ ತಿಂಗಳ ಮೊದಲ ಭಾನುವಾರ ಫ್ರೆಂಡ್‌ಶಿಪ್ ಡೇ ಬರುತ್ತದೆ. ಈ ಸಲ ಅಂಗಡಿಯ ಬ್ಯಾಂಡ್ ಬೇಡ, ನಾವೇ ಹೆಣೆದದ್ದನ್ನು ಗೆಳತಿಯರ ಕೈಗೆ ಕಟ್ಟುತ್ತೇವೆ ಎಂದು ಮಕ್ಕಳು ಹಟ ಹಿಡಿದಿದ್ದಾರೆ. ಕಸೂತಿಯಲ್ಲಿ ನಾವು ಗಂಟನ್ನೇ ಹಾಕುವುದಿಲ್ಲವಾದ್ದರಿಂದ ಈ ಕೆಲಸ ನನಗೂ ಹೊಸದು. ಹೆಣಿಗೆ ಕೈಗೆ ಹತ್ತಿದೆ, ಆದರೆ ದಾರವನ್ನು ಎಷ್ಟು ಉದ್ದಕ್ಕೆ ಕತ್ತರಿಸಬೇಕೆಂಬ ಲೆಕ್ಕ ಇನ್ನೂ ಹತ್ತಿಲ್ಲ.

ನಾನು ಬಳಸುವುದು ಆಂಕರ್ ಹತ್ತಿ ದಾರ. ಅದರ 6 ಎಳೆಗಳನ್ನು ಬಿಡಿಸದೆ, ಎಲ್ಲವನ್ನೂ ಸೇರಿಸಿ ಒಂದು ದಾರವೆಂದು ಹಿಡಿಯುತ್ತೇನೆ. ಒಂದು ಲಡಿಯಲ್ಲಿ 8 ಮೀಟರ್ ಇರುತ್ತದೆ. ಇದುವರೆಗೆ ಮೂರು ಬಗೆಯ ಬ್ಯಾಂಡುಗಳನ್ನು ಮಾಡಿ ನೋಡಿದ್ದೇನೆ.

ಮೊದಲನೆಯದು 8 ದಾರದ ಓರೆಪಟ್ಟೆ. ಎಲ್ಲವನ್ನೂ 80 ಸೆಂ.ಮೀ.ಗೆ ಕತ್ತರಿಸಿಕೊಂಡೆ, 14 ಸೆಂ.ಮೀ. ಹೆಣೆದ ಮೇಲೆ ಎಲ್ಲ ದಾರಗಳೂ ಹೆಚ್ಚುಕಡಿಮೆ ಒಂದೇ ಸಮ ಉಳಿದು, ಕಟ್ಟಿಕೊಳ್ಳಲು ಸಾಕಾಯಿತು. ಎರಡನೆಯದು ಬಾಣದ ತುದಿಯಂತೆ ನಡುವೆ ಕೂಡುವ ಪಟ್ಟೆ, ಅದೂ 8 ದಾರದ್ದೇ. ಇದರಲ್ಲಿ ಎಡಗಡೆಯ ನಾಲ್ಕೂ ದಾರಗಳು ಬಲಗಡೆಯವಕ್ಕಿಂತ 10–12 ಸೆಂ.ಮೀ. ಹೆಚ್ಚು ಖರ್ಚಾದವು. ಎರಡೂ ಕಡೆ ಒಂದೇ ವಿನ್ಯಾಸವಿರುವಾಗ ಹೀಗೇಕೆ ಆಯಿತೆಂದು ತಿಳಿಯಲಿಲ್ಲ.

ಮೂರನೆಯದು ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟವಾದ ಅಕ್ಷರದ ಬ್ಯಾಂಡ್. ಉದ್ದಕ್ಕೆ ಬಿಳಿಯ 12 ದಾರಗಳನ್ನು ಹಿಡಿದು, ನೀಲಿಯ ಒಂದೇ ದಾರವನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಸಾಲುಸಾಲಾಗಿ ಗಂಟು ಹಾಕುತ್ತ ಹೋಗುವುದು. ಅಕ್ಷರ ಬರಬೇಕಾದ ಕಡೆ ಬಿಳಿಯ ದಾರದಿಂದ ನೀಲಿಯ ಮೇಲೆ ಗಂಟು ಹಾಕುವುದು. ಚೌಕದ ಹಾಳೆಯಲ್ಲಿ ‘ಗೆಳತಿ’ ಎಂದು ಬರೆದುಕೊಂಡೆವು. ಅಕ್ಷರಗಳಿಗೆ 36 ಸಾಲು, ಎರಡೂ ಬದಿಗೆ 12ರಂತೆ 24 ಸಾಲು ಖಾಲಿ, ಒಟ್ಟು 60 ಸಾಲು ಬಂತು. ಎಲ್ಲ ದಾರಗಳನ್ನೂ 1 ಮೀಟರಿಗೆ ಕತ್ತರಿಸಿದ್ದೆ. ನೀಲಿ ದಾರ 10ನೆಯ ಸಾಲಿಗೇ ಮುಗಿದು, ಅಕ್ಷರ ಶುರುವಾಗುವ ಮೊದಲೇ ಬೆರಳಿನ ಹಿಡಿತಕ್ಕೆ ಸಿಗದಷ್ಟು ಚಿಕ್ಕ ತುದಿ ಉಳಿಯಿತು. ಬಿಳಿಯ ದಾರಗಳಂತೂ ಕತ್ತರಿಸಿದಂತೆಯೇ ನೇತಾಡುತ್ತಿದ್ದವು. ಆ ಹುಡುಗಿಯ ಮುಖ ಬಾಡಿದ್ದನ್ನು ನೋಡಿ ನನಗೂ ಸಂಕಟವಾಯಿತು.

ಊಹೆಯಿಂದಲ್ಲದೆ ಲೆಕ್ಕದಿಂದ ಉದ್ದವನ್ನು ಗೊತ್ತುಮಾಡುವ ದಾರಿ ಇದ್ದರೆ ದಯವಿಟ್ಟು ತಿಳಿಸಿ. 15 ಮಕ್ಕಳಿಗೆ ಎಷ್ಟು ಲಡಿ ತರಬೇಕೆಂಬುದೂ ಅದರಿಂದಲೇ ತೀರ್ಮಾನವಾಗಬೇಕಾಗಿದೆ.

ಉತ್ತರ: ಕುಚ್ಚುಮನೆ, ಮೈಸೂರು

ನೂಲೆಳೆಯವರಿಗೆ ನಮಸ್ಕಾರ. ಸೀರೆಗೆ ಕುಚ್ಚು ಕಟ್ಟುವುದು ನನ್ನ ಕಸುಬು. ಈ ಬ್ಯಾಂಡುಗಳನ್ನೂ ಕೆಲವು ವರ್ಷಗಳಿಂದ ಹೆಣೆಯುತ್ತಿದ್ದೇನೆ.

ನೀವು ಬ್ಯಾಂಡಿನ ಉದ್ದವನ್ನು ನೋಡಿ ದಾರ ಕತ್ತರಿಸುತ್ತಿದ್ದೀರಿ, ಎಡವಟ್ಟಾಗುತ್ತಿರುವುದು ಅಲ್ಲಿಯೇ. ಒಂದು ಗಂಟನ್ನು ಹತ್ತಿರದಿಂದ ನೋಡಿ. ಅದರಲ್ಲಿ ಎರಡು ದಾರಗಳಿರುತ್ತವೆ. ಒಂದು ನೆಟ್ಟಗೆ ಬಿಗಿಯಾಗಿ ನಿಂತಿರುತ್ತದೆ, ಇನ್ನೊಂದು ಅದರ ಮೈಮೇಲೆ ಎರಡು ಸಲ ಸುತ್ತಿ ಬಿಗಿಯುತ್ತದೆ. ಕಣ್ಣಿಗೆ ಕಾಣುವ ಬಣ್ಣ ಸುತ್ತಿದ ದಾರದ್ದು, ಖರ್ಚಾಗುವುದೂ ಅದೇ. ಒಳಗೆ ನಿಂತ ದಾರ ಆ ಗಂಟಿನ ಅಗಲದಷ್ಟು, ಎಂದರೆ ಒಂದೂವರೆ ಎರಡು ಮಿಲಿಮೀಟರು ಮಾತ್ರ ಸವೆಯುತ್ತದೆ. ಆದ್ದರಿಂದ ಪ್ರತಿ ದಾರಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ: ಇದು ತಾನಾಗಿ ಎಷ್ಟು ಗಂಟು ಹಾಕುತ್ತದೆ?

ಒಂದು ಗಂಟು ಎಷ್ಟು ದಾರ ತಿನ್ನುತ್ತದೆಂಬುದನ್ನು ನಿಮ್ಮ ಕೈಯಿಂದಲೇ ಅಳೆದುಕೊಳ್ಳಬೇಕು. ಎರಡು ತುಂಡು ದಾರಗಳನ್ನು ಸೇರಿಸಿ ಮೇಲೆ ಗಂಟು ಹಾಕಿ, ಸುತ್ತುವ ದಾರದ ಉಳಿದ ಭಾಗವನ್ನು ಸರಿಯಾಗಿ 30 ಸೆಂ.ಮೀ.ಗೆ ಕತ್ತರಿಸಿ. ಒಂದರ ಕೆಳಗೆ ಒಂದರಂತೆ 20 ಗಂಟು ಹಾಕಿದ ಮೇಲೆ ಉಳಿದದ್ದನ್ನು ಅಳೆಯಿರಿ. ನನಗೆ ಈ ದಾರದಲ್ಲಿ 16 ಸೆಂ.ಮೀ. ಉಳಿಯುತ್ತದೆ, ಅಂದರೆ 20 ಗಂಟಿಗೆ 14 ಸೆಂ.ಮೀ., ಒಂದಕ್ಕೆ 7 ಮಿ.ಮೀ. ಒಂದೇ ಗಂಟನ್ನು ಹಾಕಿ ಅಳೆಯಲು ಹೋಗಬೇಡಿ. ಅರ್ಧ ಮಿಲಿಮೀಟರಿನ ತಪ್ಪು 500 ಗಂಟಿಗೆ ಕಾಲು ಮೀಟರ್ ಆಗುತ್ತದೆ.

ಬಾಣದ ಪಟ್ಟೆಯ ವಿಷಯ. ಎರಡೂ ಕಡೆಯಿಂದ ಬಂದ ದಾರಗಳು ನಡುವೆ ಕೂಡುವಾಗ ಅಲ್ಲೊಂದು ಗಂಟು ಬೀಳುತ್ತದಲ್ಲವೇ? ಅದನ್ನು ನೀವು ಯಾವಾಗಲೂ ಎಡಗಡೆಯ ದಾರದಿಂದ ಹಾಕಿ, ಎರಡನೆಯ ಸುತ್ತನ್ನು ತಿರುಗಿಸಿ, ಆ ದಾರವನ್ನು ಮತ್ತೆ ಎಡಕ್ಕೇ ತಂದಿರಬೇಕು. ಆಗ ಪ್ರತಿ ಸರದಿಯಲ್ಲೂ ಎಡದ್ದು 4 ಗಂಟು, ಬಲದ್ದು 3 ಗಂಟು ಹಾಕುತ್ತದೆ. 14 ಸೆಂ.ಮೀ. ಬ್ಯಾಂಡಿನಲ್ಲಿ 70 ಸಾಲು ಬಂದರೆ ಎಡದ ಪ್ರತಿ ದಾರವೂ 70 ಗಂಟು, ಬಲದ್ದು 52 ಅಥವಾ 53 ಗಂಟು ಹಾಕಿದಂತಾಯಿತು. ವ್ಯತ್ಯಾಸ ಸುಮಾರು 12 ಸೆಂ.ಮೀ. ನಿಮ್ಮ ಅಳತೆಗೆ ಇದು ಸರಿಹೊಂದುತ್ತದೆ. ನಡುವಿನ ಗಂಟನ್ನು ಮುಂದಕ್ಕೆ ಹೋಗುವ ಸಾದಾ ಗಂಟಾಗಿಯೇ ಹಾಕಿದರೆ ಎಡದ ದಾರ ಬಲಕ್ಕೂ ಬಲದ್ದು ಎಡಕ್ಕೂ ಹೋಗುತ್ತದೆ. ಮುಂದಿನ ಸರದಿಯಲ್ಲಿ ನಡುವಿನ ಗಂಟಿನ ಭಾರ ಇನ್ನೊಂದರ ಮೇಲೆ ಬೀಳುವುದರಿಂದ ಖರ್ಚು ತಾನಾಗಿಯೇ ಸಮವಾಗುತ್ತದೆ. ಇಷ್ಟು ಮಾಡಿದರೆ ಉದ್ದವನ್ನು ಬದಲಿಸಬೇಕಾಗಿಲ್ಲ.

ಉತ್ತರ: ಹಾಸುಹೊಕ್ಕು, ಗುಳೇದಗುಡ್ಡ

ಕುಚ್ಚುಮನೆಯವರು ಮೂಲವನ್ನು ಸರಿಯಾಗಿ ಹಿಡಿದಿದ್ದಾರೆ. ನಾನು ಖಣ ನೇಯುವ ಮನೆಯಲ್ಲಿ ಹುಟ್ಟಿ ಈಗ ಗಣಿತ ಕಲಿಸುವವನು. ಅಕ್ಷರದ ಬ್ಯಾಂಡನ್ನು ನೋಡಿದ ಕೂಡಲೇ ನನಗೆ ಮಗ್ಗ ನೆನಪಾಗುತ್ತದೆ. ಉದ್ದಕ್ಕೆ ನಿಂತ 12 ಬಿಳಿಯ ದಾರಗಳು ಹಾಸು, ಅಡ್ಡಡ್ಡ ಓಡಾಡುವ ನೀಲಿಯ ದಾರ ಹೊಕ್ಕು. ಮಗ್ಗದಲ್ಲಿ ಹೊಕ್ಕಿನ ನೂಲನ್ನು ಯಾರೂ ಹಾಸಿನಷ್ಟೇ ಉದ್ದಕ್ಕೆ ಕತ್ತರಿಸಿ ಇಟ್ಟುಕೊಳ್ಳುವುದಿಲ್ಲ. ಅದನ್ನು ಸುತ್ತಿ ಲಾಳಿಯಲ್ಲಿ ಹಾಕುತ್ತಾರೆ. ಇಲ್ಲಿಯೂ ಹಾಗೆಯೇ ಮಾಡಬೇಕು.

ಈಗ ‘ಗೆಳತಿ’ಯ ಲೆಕ್ಕ. 60 ಸಾಲು, ಸಾಲಿಗೆ 12 ಗಂಟು, ಒಟ್ಟು 720 ಗಂಟು. ನಿಮ್ಮ ಚೌಕದ ಹಾಳೆಯಲ್ಲಿ ಅಕ್ಷರಕ್ಕೆಂದು ತುಂಬಿದ ಚೌಕಗಳನ್ನು ಎಣಿಸಿ. 36 ಸಾಲಿನ ಮೂರು ಅಕ್ಷರಗಳಿಗೆ ಸುಮಾರು 150 ಬರಬಹುದೆಂದು ಹಿಡಿಯುತ್ತೇನೆ. ಅವು ಬಿಳಿಯ ದಾರಗಳು ಹಾಕುವ ಗಂಟುಗಳು. ಉಳಿದ 570 ಗಂಟುಗಳನ್ನು ನೀಲಿ ದಾರ ಒಂದೇ ಹಾಕಬೇಕು. ಗಂಟಿಗೆ 0.7 ಸೆಂ.ಮೀ.ನಂತೆ 399 ಸೆಂ.ಮೀ. ಆಯಿತು. ಅಕ್ಷರದ 150 ಗಂಟುಗಳ ಒಳಗೆ ನೀಲಿ ದಾರ ಸುಮ್ಮನೆ ಹಾದುಹೋಗುತ್ತದೆ, ಅದಕ್ಕೆ ಗಂಟಿಗೆ 0.15 ಸೆಂ.ಮೀ.ನಂತೆ 22 ಸೆಂ.ಮೀ.; ಶುರುವಿನ ತುದಿಗೆ 10, ಕೊನೆಯಲ್ಲಿ ಹಿಡಿತಕ್ಕೆ 15. ಎಲ್ಲ ಸೇರಿ 446 ಸೆಂ.ಮೀ. ಕೈತಪ್ಪಿಗೆಂದು ಹತ್ತರಲ್ಲೊಂದು ಪಾಲು ಸೇರಿಸಿ 5 ಮೀಟರ್ ಎಂದು ಇಟ್ಟುಕೊಳ್ಳಿ. ನಿಮ್ಮ 1 ಮೀಟರ್ ದಾರ ಖಾಲಿ ಸಾಲಿಗೆ 8.4 ಸೆಂ.ಮೀ.ನಂತೆ 10 ಸಾಲಿಗೆ ಮುಗಿದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಬಿಳಿಯ ದಾರಕ್ಕೆ ಬೇಕಾದದ್ದು ಬಹಳ ಕಡಿಮೆ. 60 ಸಾಲಿನ ಹೆಣಿಗೆ 12 ಸೆಂ.ಮೀ. ಆಗುತ್ತದೆ, ಎರಡು ತುದಿಗೆ 15ರಂತೆ 30 ಸೆಂ.ಮೀ. ಇದರ ಮೇಲೆ ಆ ದಾರ ಹಾಕುವ ಅಕ್ಷರದ ಗಂಟುಗಳು. ಅಕ್ಷರದ ನಡುಭಾಗದಲ್ಲಿ ಸಿಗುವ ದಾರ ಹೆಚ್ಚೆಂದರೆ 24 ಗಂಟು ಹಾಕಿದರೂ 17 ಸೆಂ.ಮೀ., ಒಟ್ಟು 59. ಅಂಚಿನ ದಾರಗಳು ಒಂದೂ ಗಂಟು ಹಾಕುವುದಿಲ್ಲ, ಅವಕ್ಕೆ 42 ಸೆಂ.ಮೀ. ಸಾಕು. ಮಕ್ಕಳ ಕೈಯಲ್ಲಿ ಎರಡು ಬಗೆಯ ಉದ್ದ ಕೊಟ್ಟರೆ ಬೆರೆತುಹೋಗುವುದರಿಂದ ಎಲ್ಲವನ್ನೂ 60 ಸೆಂ.ಮೀ.ಗೆ ಕತ್ತರಿಸುವುದೇ ಮೇಲೆಂದು ನನ್ನ ಅಭಿಪ್ರಾಯ.

ಇನ್ನೊಂದು ಸಂಗತಿಯನ್ನು ಹೇಳಲೇಬೇಕು, ಏಕೆಂದರೆ ಇದು ಗೊತ್ತಾದಾಗ ನನಗೆ ಬಹಳ ಸಂತೋಷವಾಗಿತ್ತು. ಈ ದಾರದಲ್ಲಿ 1 ಸೆಂ.ಮೀ. ಉದ್ದಕ್ಕೆ 5 ಸಾಲು ಬರುತ್ತದೆ, ಗಂಟಿಗೆ 0.7 ಸೆಂ.ಮೀ. ಬೇಕು, ಎರಡನ್ನೂ ಗುಣಿಸಿದರೆ 3.5. ದಾರ ಎರಡು ಪಟ್ಟು ದಪ್ಪವಾದರೆ ಗಂಟು ಎರಡು ಪಟ್ಟು ದಾರ ತಿನ್ನುತ್ತದೆ, ಆದರೆ ಅದೇ ಉದ್ದದಲ್ಲಿ ಅರ್ಧದಷ್ಟೇ ಸಾಲು ಹಿಡಿಯುತ್ತದೆ. ಆದ್ದರಿಂದ ಗುಣಲಬ್ಧ ಹೆಚ್ಚುಕಡಿಮೆ 3.5ರಲ್ಲೇ ನಿಲ್ಲುತ್ತದೆ. ತೆಳುವಾದ ಕಸೂತಿ ದಾರಕ್ಕೂ, ಹೂಕುಂಡ ತೂಗುಹಾಕಲು ಬಳಸುವ ದಪ್ಪನೆಯ ಮ್ಯಾಕ್ರಮೆ ಹುರಿಗೂ ಇದೇ ಗಂಟು, ಇದೇ ಲೆಕ್ಕ. ಹೀಗಾಗಿ ಹೊಕ್ಕಿನ ದಾರಕ್ಕೆ ಚಿಕ್ಕ ಸೂತ್ರವೊಂದು ಸಿಗುತ್ತದೆ: ಹೆಣಿಗೆಯ ಉದ್ದವನ್ನು ಹಾಸಿನ ದಾರಗಳ ಸಂಖ್ಯೆಯಿಂದಲೂ 3.5ರಿಂದಲೂ ಗುಣಿಸಿ. 12 ಸೆಂ.ಮೀ., 12 ದಾರ ಎಂದರೆ 504 ಸೆಂ.ಮೀ. ಅಕ್ಷರದ ಗಂಟುಗಳನ್ನು ಕಳೆಯದಿದ್ದರೆ ಆ ಉಳಿಕೆಯೇ ಕೈತಪ್ಪಿನ ಪಾಲಾಗುತ್ತದೆ.

ಓರೆಪಟ್ಟೆಯಲ್ಲಿ ನಿಮಗೆ 80 ಸೆಂ.ಮೀ. ಸರಿಹೋದದ್ದಕ್ಕೂ ಕಾರಣ ಇಲ್ಲಿಯೇ ಇದೆ. ಅಲ್ಲಿ 8 ದಾರಗಳೂ ಸರದಿಯಂತೆ ಮುಂದಾಳಾಗುತ್ತವೆ. ಒಂದೊಂದೂ 8 ಸಾಲಿಗೊಮ್ಮೆ 7 ಗಂಟು ಹಾಕುತ್ತದೆ. ಅಂದರೆ 3.5ರಲ್ಲಿ ಎಂಟನೆಯ ಏಳು ಪಾಲು, ಸುಮಾರು 3. ಸುಮ್ಮನಿದ್ದಾಗ ಮುಂದೆ ಸಾಗುವುದಕ್ಕೆ ಇನ್ನೊಂದು. ಹೀಗೆ ಪ್ರತಿ ದಾರಕ್ಕೂ ಬ್ಯಾಂಡಿನ ಉದ್ದದ ನಾಲ್ಕು ಪಟ್ಟು, ಅದರ ಮೇಲೆ ತುದಿಗಳು: 14ರ ನಾಲ್ಕು ಪಟ್ಟು 56, ತುದಿಗೆ 24, ಒಟ್ಟು 80. ನೀವು 6 ದಾರ ಹಿಡಿದರೂ 12 ಹಿಡಿದರೂ ಓರೆಪಟ್ಟೆಯಲ್ಲಿ ಒಂದೊಂದು ದಾರದ ಉದ್ದ ಹೆಚ್ಚೇನೂ ಬದಲಾಗುವುದಿಲ್ಲ.

ಉತ್ತರ: ತುಂಗೆದಡ, ತೀರ್ಥಹಳ್ಳಿ

ಇಷ್ಟೆಲ್ಲ ಲೆಕ್ಕ ಬೇಕೇ ಎಂದು ಮೊದಲು ಅನ್ನಿಸಿತ್ತು, ಏಕೆಂದರೆ ನಾಲ್ಕು ಪಟ್ಟು ಮತ್ತು ತುದಿ ಎಂಬ ನಿಯಮದಲ್ಲೇ ನಾನು ಇಷ್ಟು ದಿನ ಹೆಣೆದಿದ್ದೇನೆ. ಹಾಸುಹೊಕ್ಕು ಅವರ ವಿವರಣೆ ಓದಿದ ಮೇಲೆ, ಎಲ್ಲ ದಾರಗಳೂ ಕೆಲಸವನ್ನು ಸಮವಾಗಿ ಹಂಚಿಕೊಳ್ಳುವ ವಿನ್ಯಾಸಕ್ಕೆ ಮಾತ್ರ ಅದು ಹೊಂದುತ್ತದೆಂಬುದು ಸ್ಪಷ್ಟವಾಯಿತು.

ಓರೆಪಟ್ಟೆ ಹೆಣೆಯುವ ಮಕ್ಕಳಿಗೆ ಸ್ಕೇಲ್ ಕೊಡುವ ಅಗತ್ಯವಿಲ್ಲವೆಂದು ನನ್ನ ಅನುಭವ. ಹೂ ಮಾರುವವರು ಅಳೆಯುವಂತೆ ಮೊಣಕೈಯಿಂದ ಬೆರಳ ತುದಿಯವರೆಗೆ ಎರಡು ಮೊಳ ಅಳೆದುಕೊಳ್ಳಲಿ. ಚಿಕ್ಕ ಮಗುವಿನ ಮೊಳವೂ ಚಿಕ್ಕದು, ಮಣಿಕಟ್ಟೂ ಚಿಕ್ಕದು. ಆದ್ದರಿಂದ ಅವರವರ ಮೊಳ ಅವರವರ ಕೈಗೆ ಸರಿಹೋಗುತ್ತದೆ. ಬೇರೆಯವರ ಕೈಗೆ ಕಟ್ಟುವುದಾದರೆ ಕಟ್ಟಿಸಿಕೊಳ್ಳುವವರ ಮೊಳವನ್ನೇ ಅಳೆಯಬೇಕು.

ನೂಲೆಳೆ

ಎಲ್ಲರಿಗೂ ಮನಸಾರೆ ಕೃತಜ್ಞತೆಗಳು. ನಡುವಿನ ಗಂಟನ್ನು ನಾನು ತಿರುಗಿಸಿಯೇ ಹಾಕುತ್ತಿದ್ದೆ. ಸಾದಾ ಗಂಟಿಗೆ ಬದಲಾಯಿಸಿದ ಮೇಲೆ ಎರಡೂ ಕಡೆಯ ದಾರಗಳು ಒಟ್ಟೊಟ್ಟಿಗೆ ಇಳಿಯುತ್ತಿವೆ.

ಇನ್ನೆರಡು ಸಂದೇಹಗಳಿವೆ. 5 ಮೀಟರ್ ದಾರವನ್ನು ಪ್ರತಿ ಗಂಟಿಗೂ ಪೂರ್ತಿಯಾಗಿ ಎಳೆದು ಹಾಯಿಸಬೇಕಾದರೆ ಮಕ್ಕಳು ಸಿಕ್ಕು ಬಿಡಿಸುವುದರಲ್ಲೇ ಮಧ್ಯಾಹ್ನ ಕಳೆಯುತ್ತಾರೆ. ಅಲ್ಲದೆ ದಾರ ನಡುವೆಯೇ ಮುಗಿದರೆ ಕೆಲಸ ಕೆಡುತ್ತದೆಯೇ, ಅಥವಾ ಹೊಸ ದಾರ ಸೇರಿಸಬಹುದೇ?

ಉತ್ತರ: ಕುಚ್ಚುಮನೆ, ಮೈಸೂರು

ಖಂಡಿತ ಸೇರಿಸಬಹುದು. ಅಕ್ಷರದ ಬ್ಯಾಂಡಿನಲ್ಲಿ ಅದು ಸುಲಭವೂ ಹೌದು, ಏಕೆಂದರೆ ಹೊಕ್ಕಿನ ದಾರ ಪ್ರತಿ ಸಾಲಿನ ಕೊನೆಗೆ ಅಂಚಿಗೆ ಬಂದು ನಿಲ್ಲುತ್ತದೆ. 10 ಸೆಂ.ಮೀ. ಉಳಿದಿರುವಾಗಲೇ, ಸಾಲು ಮುಗಿದ ಅಂಚಿನಲ್ಲಿ ಹಳೆಯ ದಾರವನ್ನು ಹಿಂಬದಿಗೆ ಬಿಟ್ಟು, ಹೊಸ ದಾರದ ತುದಿಯನ್ನೂ ಹಿಂಬದಿಗೇ ಹಾಕಿ ಹೆಬ್ಬೆರಳಿನಿಂದ ಒತ್ತಿಹಿಡಿದು ಮುಂದಿನ ಸಾಲನ್ನು ಹೊಸದರಿಂದ ಶುರುಮಾಡಿ. ಬ್ಯಾಂಡ್ ಮುಗಿದ ಮೇಲೆ ಎರಡೂ ತುದಿಗಳನ್ನು ಸೂಜಿಯಿಂದ ಹಿಂಬದಿಯ ನಾಲ್ಕೈದು ಗಂಟುಗಳ ಅಡಿಗೆ ಎಳೆದು ಕತ್ತರಿಸಿದರೆ ಸೇರಿಸಿದ ಜಾಗ ಮುಂದಿನಿಂದ ಕಾಣುವುದಿಲ್ಲ. ಸಾಲಿನ ನಡುವೆ ಸೇರಿಸಿದರೆ ಅಲ್ಲಿ ಉಬ್ಬು ಬರುತ್ತದೆ, ಗಂಟೂ ಸಡಿಲವಾಗುತ್ತದೆ.

ಸಿಕ್ಕಾಗದಿರಲು, ಮದುವೆ ಕಾರ್ಡಿನಂತಹ ಗಟ್ಟಿ ಕಾಗದದಿಂದ ಎರಡು ಬೆರಳಿನಗಲದ ತುಂಡನ್ನು ಕತ್ತರಿಸಿ, ಎರಡು ತುದಿಗೂ ಕಚ್ಚು ಮಾಡಿ, ದಾರವನ್ನು ಅದಕ್ಕೆ ಸುತ್ತಿ ಕೊನೆಯ ಸುತ್ತನ್ನು ಕಚ್ಚಿನಲ್ಲಿ ಸಿಕ್ಕಿಸಿ. ಒಂದು ಗೇಣಿನಷ್ಟು ಮಾತ್ರ ಹೊರಗೆ ಬಿಟ್ಟುಕೊಂಡು, ಕಾಗದದ ತುಂಡನ್ನೇ ಕುಣಿಕೆಯೊಳಗೆ ತೂರಿಸುತ್ತ ಹೆಣೆಯಬೇಕು. ಹಾಸುಹೊಕ್ಕು ಅವರು ಹೇಳಿದ ಲಾಳಿ ಇದೇ. ಬಿಳಿಯ ದಾರಗಳನ್ನು ಒಂದೊಂದಾಗಿ ಅಳೆಯುವುದಕ್ಕಿಂತ, ಸುತ್ತಳತೆ 60 ಸೆಂ.ಮೀ. ಬರುವ ದೊಡ್ಡ ಪುಸ್ತಕಕ್ಕೆ ಲಡಿಯನ್ನು ಸುತ್ತಿ ಒಂದೇ ಕಡೆ ಕತ್ತರಿ ಹಾಕಿದರೆ 13 ದಾರಗಳು ಒಮ್ಮೆಗೇ ಸಿದ್ಧವಾಗುತ್ತವೆ. ಸುತ್ತುವಾಗ ದಾರವನ್ನು ಎಳೆದು ಬಿಗಿಯಬೇಡಿ, ಬಿಚ್ಚಿದ ಮೇಲೆ ಗಿಡ್ಡವಾಗುತ್ತದೆ.

ಉತ್ತರ: ಹಾಸುಹೊಕ್ಕು, ಗುಳೇದಗುಡ್ಡ

ಲಡಿಗಳ ಲೆಕ್ಕ ಬಾಕಿ ಇತ್ತು. 12 ಬಿಳಿಯ ದಾರಕ್ಕೆ 60 ಸೆಂ.ಮೀ.ನಂತೆ 7.2 ಮೀಟರ್, ಮಗುವಿಗೆ ಒಂದು ಲಡಿಯಂತೆ 15 ಲಡಿ. ಹಿನ್ನೆಲೆಗೆ 5 ಮೀಟರಿನಂತೆ 75 ಮೀಟರ್; ಎಲ್ಲರಿಗೂ ಒಂದೇ ಬಣ್ಣವಾಗಿ, ಅಂಚಿನಲ್ಲಿ ಸೇರಿಸಿಕೊಳ್ಳಲು ಸಿದ್ಧರಿದ್ದರೆ 10 ಲಡಿ ಸಾಕು. ಒಬ್ಬೊಬ್ಬರೂ ಒಂದೊಂದು ಬಣ್ಣ ಕೇಳಿದರೆ 15 ಬೇಕೇಬೇಕು, ಆಗ ಪ್ರತಿಯೊಂದರಲ್ಲೂ 3 ಮೀಟರ್ ಉಳಿಯುತ್ತದೆ. ಆ ಉಳಿಕೆಗಳಲ್ಲಿ ಓರೆಪಟ್ಟೆ ಹೆಣೆಯಬಹುದು, 80 ಸೆಂ.ಮೀ.ನಂತೆ ಒಂದೊಂದರಲ್ಲಿ 3 ದಾರ ಸಿಗುತ್ತದೆ.

ಕೊಳ್ಳುವ ಮೊದಲು ಪ್ರತಿ ಮಗುವಿನಿಂದಲೂ 20 ಗಂಟಿನ ಪರೀಕ್ಷೆ ಮಾಡಿಸಿ. ನಿಮ್ಮ ಕೈಯ ಅಳತೆ ಅವರದ್ದಾಗಿರುವುದಿಲ್ಲ.

ನೂಲೆಳೆ

ಎರಡು ವಾರದ ನಂತರ ಬರೆಯುತ್ತಿದ್ದೇನೆ. ಹಾಳೆಯ ಚೌಕಗಳನ್ನು ಎಣಿಸಿದಾಗ ಅಕ್ಷರಕ್ಕೆ 148 ಬಂದವು. ನೀಲಿಯನ್ನು 5 ಮೀಟರಿಗೆ ಕತ್ತರಿಸಿ ನಾನೇ ‘ಗೆಳತಿ’ಯನ್ನು ಪೂರ್ತಿ ಹೆಣೆದೆ. ಕೊನೆಯ ಸಾಲು ಮುಗಿದಾಗ ಕಾಗದದ ಲಾಳಿಯಲ್ಲಿ 61 ಸೆಂ.ಮೀ. ಉಳಿದಿತ್ತು. ಶುರುವಿನ ತುದಿಯನ್ನು ಕಳೆದರೆ ಹೆಣಿಗೆಗೆ ಹಿಡಿದದ್ದು 429; ಲೆಕ್ಕ ಹೇಳಿದ್ದು 421. ಅಷ್ಟು ಗಂಟುಗಳ ಕೊನೆಗೆ 8 ಸೆಂ.ಮೀ. ವ್ಯತ್ಯಾಸ ಮಾತ್ರ ಬಂದದ್ದನ್ನು ಕಂಡು ಮತ್ತೊಮ್ಮೆ ಅಳೆದು ನೋಡಿದೆ.

ಮಕ್ಕಳ ಪರೀಕ್ಷೆಯಿಂದ ಬಹಳ ಉಪಯೋಗವಾಯಿತು. ಹೆಚ್ಚಿನವರಿಗೆ 20 ಗಂಟಿಗೆ 14ರಿಂದ 15 ಸೆಂ.ಮೀ. ಬಂತು. ಕೈ ಸಡಿಲವಿರುವ ಇಬ್ಬರಿಗೆ 18 ಸೆಂ.ಮೀ. ಬಂದಿದ್ದರಿಂದ ಅವರ ದಾರವನ್ನು ಲಡಿಯಿಂದ ಕತ್ತರಿಸದೆ ಪೂರ್ತಿಯಾಗಿ ಲಾಳಿಗೆ ಸುತ್ತಿಕೊಟ್ಟೆ. ಅವರಲ್ಲಿ ಒಬ್ಬಳ ಬ್ಯಾಂಡ್ ಅದೇ 60 ಸಾಲಿಗೆ 12ರ ಬದಲು 14 ಸೆಂ.ಮೀ. ಆಯಿತು, ಅದನ್ನು ಕಟ್ಟಿಸಿಕೊಳ್ಳುವವಳು ಅವಳ ಅಕ್ಕನಾದ್ದರಿಂದ ಅಳತೆ ಸರಿಹೋಯಿತು.

ಈಗ ಒಬ್ಬ ಹುಡುಗ ‘ಅಮ್ಮ’ ಎಂದು ಹೆಣೆಯುತ್ತೇನೆ ಎನ್ನುತ್ತಿದ್ದಾನೆ. ಕೆಳಗಿನ ಒತ್ತಕ್ಷರಕ್ಕೆ 12 ದಾರದ ಎತ್ತರ ಸಾಲದೆ ಹಾಳೆಯಲ್ಲಿ 16 ದಾರಕ್ಕೆ ಬರೆದುಕೊಂಡೆವು. ಸಾಲಿಗೆ 11.2 ಸೆಂ.ಮೀ.ನಂತೆ 60 ಸಾಲಿಗೆ 672, ತುದಿಗೆ 25. ಅಕ್ಷರದ ಗಂಟುಗಳನ್ನು ಕಳೆಯದಿದ್ದರೂ 7 ಮೀಟರಿನೊಳಗೆ ಮುಗಿಯುವುದರಿಂದ ಹಿನ್ನೆಲೆಗೆ ಒಂದು ಲಡಿ ಸಾಕು. ಆದರೆ ಹಾಸಿನ 16 ದಾರಕ್ಕೆ 60 ಸೆಂ.ಮೀ.ನಂತೆ 9.6 ಮೀಟರ್ ಆಗುತ್ತದೆ, ಒಂದು ಲಡಿ ಸಾಲದು. ಇದಕ್ಕೆ ಇನ್ನೊಂದು ಲಡಿ ತರಲೇಬೇಕೇ?

ಉತ್ತರ: ಕುಚ್ಚುಮನೆ, ಮೈಸೂರು

ತರಬೇಕಾಗಿಲ್ಲ. ಹಾಳೆಯಲ್ಲಿ ಒಂದೂ ಚೌಕ ತುಂಬದ ಅಂಚಿನ ದಾರಗಳು ಯಾವುವೆಂದು ನೋಡಿ. ಮೇಲೆ ಎರಡು, ಕೆಳಗೆ ಎರಡಾದರೂ ಇರುತ್ತವೆ. ಆ ದಾರಗಳು ತಾವು ಗಂಟು ಹಾಕದೆ ಹಿನ್ನೆಲೆಯ ಗಂಟುಗಳ ಒಳಗೇ ಮುಚ್ಚಿಹೋಗುವುದರಿಂದ ಅವು ಯಾವ ಬಣ್ಣದವಾದರೂ ಹೆಣಿಗೆಯಲ್ಲಿ ಕಾಣುವುದಿಲ್ಲ. ಎರಡು ತುದಿಗಳ ಜಡೆಯಲ್ಲಿ ಮಾತ್ರ ಕಾಣುತ್ತವೆ. ಮೊದಲು ಕೆಟ್ಟುಹೋದ ಬ್ಯಾಂಡಿನ ಬಿಳಿಯ ದಾರಗಳನ್ನು ಎಸೆಯದೆ ಇಟ್ಟಿದ್ದರೆ ಅವನ್ನೇ ಅಂಚಿಗೆ ಹಾಕಿ. ಉಳಿದ 12 ದಾರಗಳನ್ನು ಹೊಸ ಲಡಿಯಿಂದ ಕತ್ತರಿಸಿದರೆ 7.2 ಮೀಟರಿಗೆ ಮುಗಿಯುತ್ತದೆ.